ಕಡಲಿಗೂ ಕಲ್ಲಿಗೂ ಹೋದ ನನ್ನ ರಜೆ

ಉದ್ಯಾವರದಲ್ಲಿ ಹೆದ್ದಾರಿಗೆ ಮುಖ ಮಾಡಿರುವ ನನ್ನ ಹೊಲಿಗೆ ಅಂಗಡಿಗೆ ಒಂದು ಮಧ್ಯಾಹ್ನ ಒಂದು ಹಾಯಿ ಬಂತು. ಹಾಯಿ ಎಂದರೆ ದೋಣಿಯ ಹಾಯಿಯೇ. ಮಣಿಪಾಲದಲ್ಲಿ ಓದಿ ಅಲ್ಲೇ ಉಳಿದುಕೊಂಡ ಒಬ್ಬಳು ಯುವತಿ ಅದನ್ನು ಚಾಪೆಯ ಹಾಗೆ ಸುರುಳಿ ಸುತ್ತಿ ತಂದಿದ್ದಳು. ಅಂಚಿನಲ್ಲಿ ಮೊಳದುದ್ದ ಹರಿದಿತ್ತು. ಬ್ಲೌಸು, ಚೂಡಿದಾರ, ಬುರ್ಖಾ, ಶಾಲೆಯ ಯೂನಿಫಾರ್ಮು ಬಿಟ್ಟು ಬೇರೇನೂ ಹೊಲಿದವಳಲ್ಲ ನಾನು. ಆದರೂ ಆಗುವುದಿಲ್ಲ ಎನ್ನಲು ಮನಸ್ಸಾಗಲಿಲ್ಲ. ದಪ್ಪ ಸೂಜಿ ಹಾಕಿ, ಎರಡು ಸಲ ದಾರ ತುಂಡರಿಸಿಕೊಂಡು, ಕೊನೆಗೂ ಹೊಲಿದುಕೊಟ್ಟೆ.

ಹೊಲಿಯುವಾಗ ಕೇಳಿದೆ, ಇದು ಎಲ್ಲಿಗೆ ಹೋಗುವ ದೋಣಿ ಎಂದು. ಎಲ್ಲಿಗೂ ಅಲ್ಲ, ಹೋಗಿ ಬರುವ ದೋಣಿ ಎಂದಳು. ಪ್ರತಿ ಚಳಿಗಾಲದಲ್ಲಿ ಒಂದು ಸಣ್ಣ ಗುಂಪು ಮಾಡಿ ನಾಲ್ಕು ದಿನದ ರಜೆಗೆ ಕರೆದುಕೊಂಡು ಹೋಗುತ್ತಾಳಂತೆ. ಮೊದಲ ಎರಡು ದಿನ ನೀರಿನಲ್ಲಿ ಹಾಯಿದೋಣಿ ನಡೆಸುವುದು, ಆಮೇಲೆ ಎರಡು ದಿನ ಕಾರ್ಕಳದಲ್ಲಿ ಕಲ್ಲು ಹತ್ತುವುದು. ನನ್ನಂಥವರು ಬರಬಹುದಾ ಎಂಬ ಮಾತು ನನ್ನ ಬಾಯಿಯಿಂದ ಹೊರಬಿದ್ದಾಗ ನನಗೇ ಆಶ್ಚರ್ಯವಾಯಿತು.

ಅವಳು ನಗಲಿಲ್ಲ. "ಬರಬಹುದು ಆಂಟಿ. ಆದರೆ ಎಂತೆಲ್ಲ ಆಗ್ತದೆ ಅಂತ ಮೊದಲೇ ಹೇಳ್ತೇನೆ, ಮತ್ತೆ ನನ್ನನ್ನು ಬೈಯಬಾರದು," ಎಂದಳು. ನೀರಿಗೆ ಬೀಳುವುದು ಖಂಡಿತ, ಏಕೆಂದರೆ ಬೇಕೆಂದೇ ದೋಣಿ ಮಗುಚಿ ಬೀಳಿಸುತ್ತಾರೆ. ಹಗ್ಗ ಎಳೆದು ಅಂಗೈ ಉರಿಯುತ್ತದೆ. ಕಲ್ಲಿಗೆ ಮೊಣಕಾಲು ತರಚುತ್ತದೆ. ಗಂಡಸರು, ಹೆಂಗಸರು, ಪರಿಚಯವಿಲ್ಲದವರು ಒಟ್ಟಿಗೆ ಇರುತ್ತಾರೆ. ಹೆದರಿಕೆಯಾಗುತ್ತದೆ. ಆದರೆ ಒಂದು ಮಾತು ನೆನಪಿಡಿ ಎಂದಳು: ಕಲ್ಲು ಹತ್ತುವಾಗ ಹಗ್ಗದಲ್ಲಿ ಇರುವವರು ತಾವಾಗಿ ಇಳಿಸಿ ಎನ್ನದೆ ಯಾರೂ ಇಳಿಸುವಂತಿಲ್ಲ. ಬರೀ ನೋಡುತ್ತ ಕೂರುವುದಾದರೂ ಬರಬಹುದು, ಫೋಟೋ ತೆಗೆಯಬಹುದು. ಆ ಕೊನೆಯ ಮಾತು ನನಗೆ ಸರಿ ಕಾಣಲಿಲ್ಲ. ನೋಡುತ್ತ ಕೂರುವುದಕ್ಕೆ ಬರುವುದಿಲ್ಲ, ದೋಣಿ ನಡೆಸುವುದಾದರೆ ಬರುತ್ತೇನೆ ಎಂದೆ.

ನಾನು ಹುಟ್ಟಿದ್ದು ಕಾಪುವಿನಲ್ಲಿ. ಕಡಲಿನ ಸದ್ದು ಕೇಳದೆ ನಿದ್ದೆ ಬಂದ ರಾತ್ರಿಗಳೇ ನನಗೆ ಕಡಿಮೆ. ಆದರೆ ಐವತ್ತು ದಾಟುವ ತನಕ ಆ ನೀರು ನನ್ನ ಪಾದದ ಗಂಟಿನಿಂದ ಮೇಲೆ ಬಂದದ್ದಿಲ್ಲ. ಅಣ್ಣ ಹುಡುಗರ ಜೊತೆ ಈಜಲು ಹೋಗುವಾಗ ಅವನ ಅಂಗಿ ಹಿಡಿದುಕೊಂಡು ಮರಳಿನಲ್ಲಿ ಕೂರುವುದು ನನ್ನ ಕೆಲಸವಾಗಿತ್ತು. ಸ್ವಲ್ಪ ದೊಡ್ಡವಳಾದ ಮೇಲೆ ಅದೂ ನಿಂತಿತು. ಮದುವೆಯಾಗಿ ಉದ್ಯಾವರಕ್ಕೆ ಬಂದೆ. ಯಜಮಾನರು ಸೌದಿಯಲ್ಲಿ ದುಡಿದು, ಊರಿಗೆ ಬಂದು, ಕೆಲವೇ ವರ್ಷದಲ್ಲಿ ತೀರಿಕೊಂಡರು. ಮಗಳ ಮದುವೆಯಾಯಿತು. ಅಂಗಡಿ ನಡೆಯುತ್ತಿತ್ತು. ನನಗೆ ಯಾವ ಕಷ್ಟವೂ ಇರಲಿಲ್ಲ. ಜನ ಅದನ್ನೇ ಹೇಳುತ್ತಿದ್ದರು: ನಿನಗೆ ಎಂತ ಕಷ್ಟ, ಸುಮ್ಮನೆ ಇರಬಾರದಾ? ಕಷ್ಟವಿಲ್ಲದವಳು ಸುಮ್ಮನೆ ಇರಬೇಕು ಎಂದು ಯಾರು ಹೇಳಿದ್ದು ಎಂದು ಕೇಳಬೇಕೆನಿಸುತ್ತಿತ್ತು.

ಪಕ್ಕದ ಮನೆಯ ಟೀಚರಿಗೆ ವಿಷಯ ಹೇಳಿದೆ. ಅವರು ನಿವೃತ್ತ ಪಿ.ಟಿ. ಟೀಚರ್. ಒಂದು ಮೊಣಕಾಲಿಗೆ ಆಪರೇಷನ್ ಆಗಿದೆ. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಖೋ ಖೋ ಆಡಿಸಿದವರು. ಹತ್ತನೇ ತರಗತಿಗೆ ಬರುತ್ತಲೇ ಒಬ್ಬೊಬ್ಬಳೇ ಹುಡುಗಿ ಆಟದ ಪಿರಿಯಡ್ ತಪ್ಪಿಸಿಕೊಳ್ಳುವುದನ್ನು ನೋಡಿ ನೋಡಿ ಸಿಟ್ಟುಗೊಂಡವರು. "ನಾನೂ ಬರ್ತೇನೆ ಮಾರಾಯ್ತಿ," ಎಂದರು. "ನನಗೆ ಹತ್ತಲಿಕ್ಕೆ ಆಗಲಿಕ್ಕಿಲ್ಲ. ಹಗ್ಗ ಹಿಡಿಯಲಿಕ್ಕೆ ಆಗ್ತದಲ್ವಾ?"

ನನ್ನ ಉಡುಪು ನಾನೇ ಹೊಲಿದುಕೊಂಡೆ. ಒದ್ದೆಯಾದರೂ ಭಾರವಾಗದ ಬಟ್ಟೆ, ಉದ್ದ ತೋಳು, ಮೊಣಕಾಲಿನ ಕೆಳಗೆ ಬರುವ ಅಂಗಿ, ಒಳಗೆ ಪ್ಯಾಂಟು, ಗಾಳಿಗೆ ಜಾರದ ತಲೆವಸ್ತ್ರ. ಅಣ್ಣನಿಗೆ ಹೇಳಲಿಲ್ಲ. ಬಚ್ಚಿಡಬೇಕೆಂದಲ್ಲ, ಅನುಮತಿ ಕೇಳಿದ ಹಾಗೆ ಆಗುತ್ತದೆ ಎಂದು.

ಹೊರಡುವ ಹಿಂದಿನ ದಿನ ಸಂಜೆ ಎಲ್ಲರೂ ಮಣಿಪಾಲದಲ್ಲಿ ಸೇರಿದೆವು. ಗಂಟು ಹಾಕಲು ಕಲಿಸಿದರು. ಗಂಟಿನ ವಿಷಯದಲ್ಲಿ ನನ್ನ ಬೆರಳುಗಳು ಹಿಂದೆ ಬೀಳಲಿಲ್ಲ. ಗುಂಪಿನಲ್ಲಿ ಮೈಸೂರಿನ ಇಂಜಿನಿಯರ್ ಒಬ್ಬರಿದ್ದರು, ನನ್ನದೇ ವಯಸ್ಸು. ಒಳ್ಳೆಯ ಮನುಷ್ಯ, ಮಾತು ಮೃದು. ಅವರು ನನ್ನ ಎದುರಿನಲ್ಲೇ, ಆದರೆ ನನ್ನನ್ನಲ್ಲ, ಆ ಯುವತಿಯನ್ನು ಕೇಳಿದರು: ಈ ಬಟ್ಟೆಯಲ್ಲಿ ಇವರು ನೀರಿಗಿಳಿದರೆ ಸುರಕ್ಷಿತವೇ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚಿಸಬೇಕಲ್ಲವೇ ಎಂದು. ಅವಳು ಉತ್ತರಿಸುವ ಮೊದಲೇ ನಾನು ಹೇಳಿದೆ, ಇದನ್ನು ಹೊಲಿದವಳು ನಾನು, ಮುಳುಗುವವಳೂ ನಾನೇ, ಪ್ರಶ್ನೆ ಇದ್ದರೆ ನನ್ನನ್ನೇ ಕೇಳಿ ಎಂದು. ಅವರ ಮುಖ ಕೆಂಪಾಯಿತು. ನನಗೇನೂ ಪಶ್ಚಾತ್ತಾಪವಾಗಲಿಲ್ಲ. ನಮ್ಮ ಕಡೆಯವರಿಗೆ ನಾನು ಮರ್ಯಾದೆ ಬಿಟ್ಟವಳು, ಇವರಿಗೆ ಮರ್ಯಾದೆ ಹೆಚ್ಚಾದವಳು. ಎರಡೂ ಕಡೆಯವರ ಅಳತೆಗೆ ಸರಿಯಾಗಿ ನನ್ನನ್ನು ಕತ್ತರಿಸಿಕೊಳ್ಳಲು ನನಗೆ ಸಾಧ್ಯವಿರಲಿಲ್ಲ.

ಮೊದಲ ದಿನ ಹೆಜಮಾಡಿಯಲ್ಲಿ, ಹೊಳೆ ಕಡಲಿಗೆ ಸೇರುವ ಮೊದಲು ಅಗಲವಾಗುವ ಜಾಗದಲ್ಲಿ. ದೋಣಿ ಕಲಿಸುವವರು ನೌಕಾಪಡೆಯಿಂದ ನಿವೃತ್ತರಾದವರು, ಕಡಿಮೆ ಮಾತಿನವರು. ಲೈಫ್ ಜಾಕೆಟ್ ಬಿಗಿದರು. ಸ್ವಲ್ಪ ದೂರದಲ್ಲಿ ಇಂಜಿನ್ ದೋಣಿಯೊಂದು ನಮ್ಮ ಕಾವಲಿಗೆ ನಿಂತಿತ್ತು. ಹಾಯಿಯ ಬುಡದಲ್ಲಿ ಒಂದು ಅಡ್ಡಗೋಲು ಇರುತ್ತದೆ. ದೋಣಿ ತಿರುಗಿದಾಗ ಅದು ಈ ಕಡೆಯಿಂದ ಆ ಕಡೆಗೆ ಬೀಸಿಕೊಂಡು ಬರುತ್ತದೆ, ತಲೆ ತಗ್ಗಿಸದಿದ್ದರೆ ಹಣೆಗೆ ಬಡಿಯುತ್ತದೆ. ಟೀಚರಿಗೂ ಬಡಿಯಿತು, ಇಂಜಿನಿಯರಿಗೂ ಬಡಿಯಿತು. ನನಗೆ ಎರಡು ಸಲ ಬಡಿಯಿತು.

ಆಮೇಲೆ ದೋಣಿ ಮಗುಚಿದರು. ಹೇಗಿರುತ್ತದೆ ಎಂದು ಮೊದಲೇ ಕೇಳಿದ್ದೆ, ಆದರೆ ಕೇಳಿದ್ದರಿಂದ ಏನೂ ಉಪಕಾರವಾಗಲಿಲ್ಲ. ಕಿವಿ, ಮೂಗು, ಬಾಯಿ ಎಲ್ಲ ಕಡೆ ನೀರು ತುಂಬಿತು. ನನಗೆ ಈಜು ಬರುವುದಿಲ್ಲ. ಒಂದು ಗಳಿಗೆ, ಎಲ್ಲರೂ ಹೇಳಿದ್ದೇ ನಿಜ, ಇದು ನನಗೆ ಬೇಡದ ಕೆಲಸವಾಗಿತ್ತು ಅನಿಸಿತು. ಅಷ್ಟರಲ್ಲಿ ಜಾಕೆಟ್ ನನ್ನನ್ನು ಮೇಲಕ್ಕೆ ತಳ್ಳಿತು. ತಲೆವಸ್ತ್ರ ಇದ್ದಲ್ಲೇ ಇತ್ತು. ಮಗುಚಿದ ದೋಣಿಯ ಹೊಟ್ಟೆಯಿಂದ ಚಾಚಿಕೊಂಡ ಹಲಗೆಯ ಮೇಲೆ ನಿಂತು, ಅಂಚು ಹಿಡಿದು ಹಿಂದಕ್ಕೆ ಭಾರ ಬಿಡಬೇಕು ಎಂದು ಕಲಿಸುವವರು ಕೂಗಿ ಹೇಳಿದರು. ನಾನು ತೆಳ್ಳಗಿನವಳಲ್ಲ. ಜೀವಮಾನವಿಡೀ ನನ್ನ ತೂಕದ ಬಗ್ಗೆ ಮಾತು ಕೇಳಿದವಳು. ಆ ತೂಕವನ್ನೆಲ್ಲ ಹಿಂದಕ್ಕೆ ಬಿಟ್ಟೆ. ದೋಣಿ ನೀರು ಸುರಿಸುತ್ತ ಎದ್ದು ನಿಂತಿತು.

ಎರಡನೇ ದಿನ ಕಾಪುವಿನ ಕಡಲು. ಮಧ್ಯಾಹ್ನದ ಹೊತ್ತಿಗೆ ಗಾಳಿ ಚೆನ್ನಾಗಿತ್ತು. ಚುಕ್ಕಾಣಿ ನನ್ನ ಕೈಗೆ ಕೊಟ್ಟಿದ್ದರು. ನನ್ನ ಊರನ್ನು ನೀರಿನ ಕಡೆಯಿಂದ ನೋಡಿದ್ದು ಅದೇ ಮೊದಲು. ದೀಪಸ್ತಂಭ ನಿಂತ ಬಂಡೆ, ತೆಂಗಿನ ಸಾಲು, ಅದರ ಹಿಂದೆ ಮಸೀದಿಯ ಮಿನಾರು, ಎಲ್ಲ ಸಣ್ಣದಾಗಿ, ಹಿಂದಕ್ಕೆ ಸರಿಯುತ್ತ. ಇದನ್ನು ನನ್ನ ಊರಿನ ಗಂಡಸರೆಲ್ಲ ನೋಡಿದ್ದಾರೆ ಎಂದುಕೊಂಡಾಗ ಸಿಟ್ಟು ಬಂತು.

ಆಗಲೇ ದಡದಲ್ಲಿ ಅಣ್ಣ ಕಾಣಿಸಿದ. ಬಿಳಿ ಪಂಚೆ, ಬಿಳಿ ಅಂಗಿ. ಕರ್ಚೀಫು ಬೀಸುತ್ತಿದ್ದ. ಕಾಪು ಪೇಟೆಯಲ್ಲಿ ಅವನದು ದಿನಸಿ ಅಂಗಡಿ. ಬೀಚಿಗೆ ಬಂದಿದ್ದ ಯಾರೋ ನಮ್ಮ ದೋಣಿಯ ವಿಡಿಯೋ ತೆಗೆದು ಕುಟುಂಬದ ಗ್ರೂಪಿಗೆ ಹಾಕಿದ್ದರೆಂದು ಆಮೇಲೆ ಗೊತ್ತಾಯಿತು.

ಕಲಿಸುವವರು ನಿಮ್ಮವರಾ ಎಂದು ಕೇಳಿದರು. ಹೌದು, ನನ್ನ ಅಣ್ಣ ಎಂದೆ. ದಡಕ್ಕೆ ಹೋಗೋಣವೇ ಎಂದರು.

"ಈ ಸುತ್ತು ಮುಗಿಯಲಿ," ಎಂದೆ.

ಸುತ್ತು ಮುಗಿಸಿದೆ. ಅವಸರ ಮಾಡಲಿಲ್ಲ. ಒದ್ದೆ ಬಟ್ಟೆಯಲ್ಲೇ, ಜಾಕೆಟ್ ತೊಟ್ಟೇ ಅಣ್ಣನ ಎದುರಿಗೆ ಹೋಗಿ ನಿಂತೆ. ಟೀಚರ್ ನನ್ನ ಹಿಂದೆ ಬಂದು ಸ್ವಲ್ಪ ದೂರದಲ್ಲಿ ನಿಂತರು. ನಾವು ಮಾತಾಡಿದ್ದು ನಮ್ಮ ಮನೆಮಾತು ಬ್ಯಾರಿಯಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಬಟ್ಟೆ ಬದಲಿಸಿ ಬಾ. ಮನೆಗೆ ಹೋಗುವ."

"ನಾನು ಬರುವುದಿಲ್ಲ. ನಾಳೆ ಕಾರ್ಕಳಕ್ಕೆ ಹೋಗಲಿಕ್ಕುಂಟು."

"ಜನ ಎಂತ ಹೇಳ್ತಾರೆ, ಗೊತ್ತುಂಟಾ?"

"ಅದು ಗೊತ್ತುಂಟು. ನೀನು ಎಂತ ಹೇಳ್ತೀ ಅದನ್ನು ಹೇಳು."

ಅವನು ಕಡಲನ್ನು ನೋಡಿದ. ನಿನಗೆ ಈಜು ಬರುವುದಿಲ್ಲ, ಏನಾದರೂ ಆದರೆ ಯಾರು ಹೊಣೆ ಎಂದ. ಅದರಲ್ಲಿ ಹೆದರಿಕೆಯೂ ಇತ್ತು, ನಾನು ಇಲ್ಲವೆನ್ನುವುದಿಲ್ಲ. ಆದರೆ ಅವನ ಹೆದರಿಕೆಯನ್ನೂ ನಾನೇ ಹೊತ್ತು ತಿರುಗಬೇಕೇ?

"ನೀನು ಈಜು ಕಲಿಯುವಾಗ ನಾನು ನಿನ್ನ ಅಂಗಿ ಹಿಡಿದುಕೊಂಡು ಇಲ್ಲಿಯೇ ಕೂತಿದ್ದೆ," ಎಂದೆ. "ನನಗೆ ಈಜು ಬರುವುದಿಲ್ಲ ಅಂತ ನೀನು ಹೇಳಬಾರದು."

ಅವನು ಮರಳಿನಲ್ಲಿ ಚಪ್ಪಲಿ ಎಳೆಯುತ್ತ ಹೋದ. ಅವನು ರಸ್ತೆ ಸೇರುವ ತನಕ ನೋಡುತ್ತ ನಿಂತೆ. ಟೀಚರ್ ಬಂದು ನನ್ನ ಜಾಕೆಟ್ಟಿನ ಬಕಲ್ ಬಿಚ್ಚಿ, ಚಾ ಕುಡಿಯುವ ಎಂದಷ್ಟೇ ಹೇಳಿದರು.

ಮರುದಿನ ಬೆಳಗ್ಗೆ ವ್ಯಾನು ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಯಿತು. ಬೆಳ್ಮಣ್ಣಿನಲ್ಲಿ ಗೋಳಿಬಜೆ ತಿನ್ನುವಾಗ ಕುಟುಂಬದ ಗ್ರೂಪಿನಲ್ಲಿ ಯಾರೋ ನನಗೆ ಬುದ್ಧಿ ಹೇಳುತ್ತಿದ್ದರು. ಪೂರ್ತಿ ಓದದೆ ಫೋನನ್ನು ಚೀಲದ ತಳಕ್ಕೆ ತುರುಕಿದೆ.

ಕಾರ್ಕಳದ ಕಲ್ಲು ದೂರದಿಂದ ನೋಡಲು ಮಲಗಿದ ಎಮ್ಮೆಯ ಬೆನ್ನಿನ ಹಾಗೆ ನುಣ್ಣಗೆ. ಬುಡಕ್ಕೆ ಹೋದರೆ ಮೈಯೆಲ್ಲ ತರಿತರಿ, ಸಣ್ಣ ಸಣ್ಣ ಗುಳಿ, ಬಿರುಕು. ಸೊಂಟಕ್ಕೆ ಪಟ್ಟಿ ಬಿಗಿದು ಹಗ್ಗ ಕಟ್ಟುತ್ತಾರೆ. ಹಗ್ಗ ಮೇಲೆ ಒಂದು ಲೋಹದ ಬಳೆಯ ಮೂಲಕ ಹಾದು, ಕೆಳಗೆ ನಿಂತವರ ಕೈಗೆ ಬರುತ್ತದೆ. ಹತ್ತುವವರು ಜಾರಿದರೆ ಅವರು ತಡೆದು ಹಿಡಿಯಬೇಕು. ನನ್ನ ಹಗ್ಗವನ್ನು ಟೀಚರ್ ಹಿಡಿದರು. ತೂಕದಲ್ಲಿ ನಾನು ಅವರಿಗಿಂತ ಹೆಚ್ಚು. ಹಾಗಾಗಿ ನಾನು ಜಾರಿದರೆ ಅವರೇ ಮೇಲಕ್ಕೆ ಹೋಗದ ಹಾಗೆ ಅವರನ್ನು ಒಂದು ಮರದ ಬುಡಕ್ಕೆ ಕಟ್ಟಿದರು. ಸಂತೆಯ ಆಡಿನ ಹಾಗಾಯಿತು ಎಂದು ಅವರೇ ನಕ್ಕರು.

ಅರ್ಧದ ತನಕ ಹೇಗೋ ಹೋದೆ. ಅಲ್ಲಿ ಕಲ್ಲು ಉಬ್ಬಿಕೊಂಡಿತ್ತು, ಮೇಲೆ ಹಿಡಿಯಲು ಏನೂ ಕಾಣಿಸಲಿಲ್ಲ. ಬಲಗಾಲು ಹೊಲಿಗೆ ಯಂತ್ರದ ಮೇಲಿಟ್ಟ ಹಾಗೆ ತಾನಾಗಿಯೇ ಕುಣಿಯಲು ತೊಡಗಿತು. ಕೆನ್ನೆಯನ್ನು ಕಲ್ಲಿಗೆ ಒತ್ತಿ ನಿಂತೆ. ಕಲ್ಲು ಬಿಸಿಯಾಗಿತ್ತು. ಕೆಳಗಿನಿಂದ ಇಂಜಿನಿಯರ್ ಹೇಳುವುದು ಕೇಳಿಸಿತು: ಪಾಪ, ಸಾಕು, ಇಷ್ಟು ಹತ್ತಿದ್ದೇ ದೊಡ್ಡದು, ಇಳಿಸಿಬಿಡಿ. ಆ ಪಾಪ ಎಂಬ ಮಾತು ನನ್ನ ಬೆನ್ನಿಗೆ ಬಂದು ತಾಗಿತು.

"ಅವಳು ಹೇಳಲಿ," ಎಂದರು ಟೀಚರ್.

"ಇಳಿಸಬೇಡಿ," ಎಂದೆ. ಸ್ವರ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

ಇಳಿಸಬೇಡಿ ಎಂದವಳು ಹತ್ತಲೂ ಆಗದೆ ತುಂಬ ಹೊತ್ತು ಹಾಗೇ ನಿಂತೆ. ಬೆವರು ಕಣ್ಣಿಗೆ ಇಳಿಯಿತು. ಒಂದು ಸಲ ಪ್ರಯತ್ನಿಸಿ ಜಾರಿದೆ. ಹಗ್ಗ ಬಿಗಿಯಿತು, ಮೊಣಕಾಲು ಸುಲಿಯಿತು. ಇನ್ನೊಂದು ಸಲ ಜಾರಿದೆ. ಬೆರಳಲ್ಲಿ ಬಲ ಉಳಿಯದಾದಾಗ, ಈಗ ಇಳಿಸಿ ಎಂದೆ. ನಾನೇ ಹೇಳಿದೆ. ಕೆಳಗೆ ಬಂದಾಗ ಚಪ್ಪಾಳೆ ತಟ್ಟಲು ಹೊರಟವರನ್ನು ಬೇಡ ಎಂದು ತಡೆದೆ. ಮೇಲೆ ಹೋಗಿಲ್ಲವಲ್ಲ, ಚಪ್ಪಾಳೆ ಯಾಕೆ?

ಕೊನೆಯ ದಿನ, ಬಿಸಿಲೇರುವ ಮೊದಲೇ, ಅದೇ ಕಡೆ ಮತ್ತೆ ಹಗ್ಗ ಕಟ್ಟಿಸಿಕೊಂಡೆ. ಪಕ್ಕದಲ್ಲಿ ಸುಲಭದ ದಾರಿ ಉಂಟು ಎಂದು ಯುವತಿ ತೋರಿಸಿದಳು. ಇದೇ ಇರಲಿ ಎಂದೆ. ಉಬ್ಬಿನ ಹತ್ತಿರ ಈ ಸಲ ಮೇಲೆ ಹುಡುಕುವುದನ್ನು ಬಿಟ್ಟು ಕಾಲಿನ ಬದಿಗೆ ನೋಡಿದೆ. ಎಡಗಡೆ ಒಂದು ಗುಳಿ ಇತ್ತು, ಬೊಗಸೆಯಷ್ಟು. ಕಾಲು ಅಲ್ಲಿಟ್ಟು ಎದ್ದೆ. ಚೆಂದವಾಗಿ ಎದ್ದೆ ಎಂದು ಹೇಳಲಾರೆ. ಮೊಣಕೈ, ಹೊಟ್ಟೆ, ಗದ್ದ ಎಲ್ಲ ಊರಿಕೊಂಡು ಉಬ್ಬನ್ನು ದಾಟಿದೆ. ಅಲ್ಲಿಂದ ಮೇಲೆ ಕಷ್ಟವಿರಲಿಲ್ಲ.

ಮೇಲೆ ಗಾಳಿಯಿತ್ತು. ಪೂರ್ವಕ್ಕೆ ಘಟ್ಟದ ಸಾಲು, ಕೆಳಗೆ ಹೆಂಚಿನ ಮಾಡುಗಳು, ಒಂದು ಕೆರೆ. ಕಡಲು ಕಾಣುತ್ತದೆಯೇ ಎಂದು ಪಡುವಣಕ್ಕೆ ನೋಡಿದೆ. ಮಂಜು ಮುಸುಕಿತ್ತು, ಕಾಣಲಿಲ್ಲ. ಕೂತು ಜೋರಾಗಿ ಅತ್ತೆ. ದುಃಖಕ್ಕಲ್ಲ, ಸಂತೋಷಕ್ಕೆ ಎನ್ನುವುದೂ ಪೂರ್ತಿ ಸರಿಯಲ್ಲ. ಇಷ್ಟು ಸಮೀಪದಲ್ಲಿತ್ತು, ಬಸ್ಸು ಹತ್ತಿದರೆ ಬರಬಹುದಾದ ಜಾಗ, ಇಷ್ಟು ವರ್ಷ ಯಾರದೋ ಮಾತಿಗೆ ಬಿಟ್ಟುಕೊಟ್ಟಿದ್ದೆನಲ್ಲ ಎಂಬ ಸಿಟ್ಟೇ ಹೆಚ್ಚಿತ್ತು.

ಊರಿಗೆ ಬಂದ ಮೇಲೆ ಕೆಲವು ಮನೆಯವರು ಬಟ್ಟೆ ಹೊಲಿಸಲು ಬೇರೆ ಕಡೆ ಹೋದರು. ಕೆಲವರು ಬಟ್ಟೆಯ ನೆಪದಲ್ಲಿ ಬಂದು, ನೀರಿಗೆ ಬಿದ್ದಾಗ ಹೇಗಾಯಿತು ಎಂದು ಮೆಲ್ಲಗೆ ಕೇಳಿದರು. ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮೂಗಿಗೆ ನೀರು ಹೋಗುತ್ತದೆ, ಹಣೆಗೆ ಬಡಿಯುತ್ತದೆ, ಮೈ ನೋವು ವಾರವಿಡೀ ಇರುತ್ತದೆ, ಮನೆಯವರು ಮಾತು ಬಿಡುತ್ತಾರೆ.

ಅಣ್ಣ ಈದ್ ಹಬ್ಬದ ತನಕ ಮಾತಾಡಲಿಲ್ಲ. ಹಬ್ಬದ ಊಟಕ್ಕೆ ಅವನ ಮನೆಗೆ ನಾನಾಗಿಯೇ ಹೋದೆ. ಎಲ್ಲರ ಎದುರಿಗೆ, ಬಿರಿಯಾನಿ ಬಡಿಸುತ್ತಿರುವಾಗ, ಬರುವ ಚಳಿಗಾಲದಲ್ಲೂ ಹೋಗುತ್ತೇನೆ, ಆ ಮೊದಲು ಮಣಿಪಾಲದಲ್ಲಿ ಈಜು ಕಲಿಯಲು ಸೇರಿದ್ದೇನೆ ಎಂದು ಹೇಳಿದೆ. ಅತ್ತಿಗೆಯ ಕೈಯ ಸೌಟು ನಿಂತಿತು.

"ನೀನು ಹೇಳಿದ್ದು ಕೇಳುವವಳಲ್ಲ," ಎಂದ ಅಣ್ಣ.

"ಅಲ್ಲ," ಎಂದೆ.

ಅವನು ತಲೆ ಎತ್ತಲಿಲ್ಲ. ಒಪ್ಪಿದ್ದಾನೆ ಎಂದು ನಾನು ಹೇಳಲಾರೆ, ಇವತ್ತಿಗೂ ಒಪ್ಪಿಲ್ಲ. ಆದರೆ ಏಳು, ಹೋಗು ಎನ್ನಲಿಲ್ಲ. ನಾನೂ ಏಳಲಿಲ್ಲ. ಹೊಟ್ಟೆ ತುಂಬ ಊಟ ಮಾಡಿ, ಕೈ ತೊಳೆದು, ಸಂಜೆಯ ಬಸ್ಸಿಗೆ ಉದ್ಯಾವರಕ್ಕೆ ಹಿಂದಿರುಗಿದೆ.