ಅಮ್ಮನವರಿಂದ ವಾಪಸು ಕೇಳಿದ ಕುಂಕುಮ

ಅಮ್ಮನವರನ್ನು ನಂಬಿ ನಡೆಯುವ ಎಲ್ಲರಿಗೂ ನಮಸ್ಕಾರ. ದೋಣಿಯ ಮೋಟಾರಿನ ಕತೆಯೂ ಒಂದು ಅನುಭವವೇ ಎಂದು ನೀವು ನಗಬಹುದು. ನಗಿ, ಈಗ ನಾನೂ ನಗುತ್ತೇನೆ. ಅವತ್ತು ಮಾತ್ರ ನನ್ನ ಮಗಳ ಜೀವ ಆ ಮೋಟಾರಿನ ಕೈಯಲ್ಲಿತ್ತು.

ನಮ್ಮ ಮನೆ ಹೊನ್ನಾವರದ ಹತ್ತಿರ, ಶರಾವತಿಯ ನಡುವಿನ ಒಂದು ಸಣ್ಣ ಕುರ್ವೆಯಲ್ಲಿದೆ. ಸುತ್ತಲೂ ಹೊಳೆ. ದೊಡ್ಡ ಕುರ್ವೆಗಳಿಗೆ ಸೇತುವೆ ಬಂತು. ನಮ್ಮ ನಾಲ್ಕಾರು ಮನೆಗಳಿಗೆ ಅಕ್ಕಿ ತರಲಿಕ್ಕೂ ಮದುವೆಗೆ ಹೋಗಲಿಕ್ಕೂ ದೋಣಿಯೇ ಗತಿ. ನಮ್ಮ ಮನೆಯವರು ಮೀನು ಹಿಡಿಯುವುದೂ ಅದೇ ದೋಣಿಯಲ್ಲಿ. ನಮ್ಮ ಒಬ್ಬಳೇ ಮಗಳು ಶ್ವೇತಾಳಿಗೆ ದಮ್ಮಿನ ಕಾಯಿಲೆ. ಜೋರಾದರೆ ಆಸ್ಪತ್ರೆಗೆ ಒಯ್ದು ಮೂಗಿಗೆ ಮಾಸ್ಕ್ ಹಾಕಿಸಿ ಮದ್ದಿನ ಹೊಗೆ ಕೊಡಿಸಲೇಬೇಕು. ಹಾಗಾಗಿ ಅವಳು ಕೆಮ್ಮಿದರೆ ನನಗೆ ಮೊದಲು ನೆನಪಾಗುತ್ತಿದ್ದುದು ಮೋಟಾರು.

ಆ ಮೋಟಾರಿಗೋ ಕಳೆದ ಮಳೆಗಾಲದಿಂದ ಸೊಕ್ಕು. ಮನಸ್ಸು ಬಂದರೆ ಒಂದೇ ಎಳೆತಕ್ಕೆ ಶುರು. ಇಲ್ಲದಿದ್ದರೆ ಹಗ್ಗ ಎಳೆದೆಳೆದು ರಟ್ಟೆ ಸೋತರೂ ಗುರ್ ಎನ್ನದು. ಸ್ವಲ್ಪ ದೂರ ಓಡಿ ನಡುಹೊಳೆಯಲ್ಲಿ ನಿಂತುಬಿಡುವುದೂ ಇತ್ತು. ಆಗ ಇವರು ಪೆಟ್ರೋಲ್ ಇದೆಯೋ ಎಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, “ಅಮ್ಮಾ” ಎಂದು ಹಗ್ಗ ಎಳೆಯುವರು. ಶುರುವಾಗುತ್ತಿತ್ತು! ಎಲ್ಲಾ ಅಮ್ಮನವರ ದಯೆ ಎಂದುಕೊಂಡು, ಪ್ರತಿ ಶುಕ್ರವಾರ ಆ ಮುಚ್ಚಳದ ನೆತ್ತಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುವ ಹಳೆಯ ರೂಢಿಯನ್ನು ನಾನು ಬಿಡಲಿಲ್ಲ.

ರಿಪೇರಿ ಮಾಡಿಸದೆ ಕೂತವರಲ್ಲ ನಾವು. ಮೋಟಾರನ್ನು ಗೋಣಿಯಲ್ಲಿ ಸುತ್ತಿ ಭಟ್ಕಳದ ಬಸ್ಸು ಹತ್ತಿದೆವು. ಟ್ಯಾಂಕನ್ನೂ ಹಿಡಿದುಕೊಂಡಿದ್ದೆವು. ಕಂಡಕ್ಟರು ಮೂಗು ಮುಚ್ಚಿಕೊಂಡು, “ಪೆಟ್ರೋಲ್ ವಾಸನೆ ಬತ್ತದೆ. ಮೋಟಾರು ಬೇಕಾದ್ರೆ ಬರ್ಲಿ, ಅದು ಬೇಡ” ಅಂದರು. ಟ್ಯಾಂಕು ಸ್ಟ್ಯಾಂಡಿನ ಅಂಗಡಿಯಲ್ಲಿ ಉಳಿಯಿತು. ಭಟ್ಕಳದ ಮೆಕ್ಯಾನಿಕ್ ಸಾಹೇಬರು ಪ್ಲಗ್ ಬದಲಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು, ತಮ್ಮದೇ ಟ್ಯಾಂಕಿನ ಪೈಪು ಸಿಕ್ಕಿಸಿ ಹಗ್ಗ ಎಳೆದರು. ಒಂದೇ ಎಳೆತ! ಇನ್ನೊಮ್ಮೆ ಒಯ್ದಾಗಲೂ ಅದೇ ಆಟ. “ತಂಗಿ, ಇದಕ್ಕೆ ಎಂತದೂ ಆಗ್ಲಿಲ್ಲ. ನಿಮ್ಮ ಹೊಳೆ ಕಂಡ್ರೆ ಇದಕ್ಕೆ ಆಗೂದಿಲ್ಲ, ಅಷ್ಟೆ” ಎಂದು ಸಾಹೇಬರು ನಕ್ಕರು. ನನಗೆ ನಗು ಬರಲಿಲ್ಲ.

ಚೌತಿ ಕಳೆದ ಮೇಲಿನ ಒಂದು ಶುಕ್ರವಾರ. ಬೆಳಿಗ್ಗೆಯಿಂದಲೇ ಮಗಳ ಎದೆ ಸಿಳ್ಳೆ ಹಾಕುತ್ತಿತ್ತು. ಇವರು ಟ್ಯಾಂಕು ಬಾಯಿತನಕ ತುಂಬಿಸಿ ತಯಾರಾಗಿಟ್ಟರು. ನಾನು ಅಮ್ಮನವರನ್ನು ನೆನೆದು ಮುಚ್ಚಳಕ್ಕೆ ಕುಂಕುಮವನ್ನು ಅವತ್ತು ಇನ್ನೂ ದಪ್ಪಗೆ ಮೆತ್ತಿದೆ. ಮಧ್ಯಾಹ್ನದ ಹೊತ್ತಿಗೆ ಬಾಯಿಗೆ ಒತ್ತುವ ಪಂಪು ಖಾಲಿ, ಮಗಳಿಗೆ ಮಾತೇ ಹೊರಡದು. ಎತ್ತಿಕೊಂಡು ದೋಣಿಗೆ ಓಡಿದೆವು. ಮೋಟಾರು ಒಂದೇ ಎಳೆತಕ್ಕೆ ಶುರುವಾಯಿತು. ನಡುಹೊಳೆ ತಲುಪಿದ್ದೇ ನಿಂತಿತು.

ಮಳೆನೀರು ತುಂಬಿದ ಹೊಳೆ, ಅದರ ಮೇಲೆ ಸಮುದ್ರದ ಇಳಿತದ ಹೊತ್ತು. ದೋಣಿ ಅಳಿವೆಯ ಕಡೆ ಜಾರತೊಡಗಿತು. ಹೊಳೆ ಸಮುದ್ರ ಸೇರುವ ಆ ಬಾಯಿಗೆ ಸಿಕ್ಕ ಸಣ್ಣ ದೋಣಿ ಉಳಿಯುವುದು ಕಷ್ಟ. ಹುಟ್ಟು ಹಾಕಿದರೂ ಸೆಳೆತದ ಮುಂದೆ ಏನೂ ನಡೆಯಲಿಲ್ಲ. ಇವರು ಹೇಗೋ ಬಲೆ ಕಟ್ಟುವ ಒಂದು ಗೂಟ ಹಿಡಿದು ದೋಣಿಯನ್ನು ಅದಕ್ಕೆ ಬಿಗಿದರು. ಬಿಚ್ಚಿದರೆ ಅಳಿವೆ, ಬಿಚ್ಚದಿದ್ದರೆ ಮಗಳು. ಎದುರಿಗೆ ಹೆದ್ದಾರಿಯ ಸೇತುವೆ. ಕುಮಟೆಯ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾನು ಸೆರಗು ಬೀಸಿ ಕೂಗಿದೆ. ಯಾರಿಗೆ ಕೇಳಬೇಕು?

ದೋಣಿ ಇರುವ ನೆರೆಮನೆಯ ಪಾಂಡು ಬಾವನಿಗೆ ಫೋನ್ ಮಾಡಿದರೆ, “ಅಯ್ಯೋ, ನಾ ಕುಮಟೆಗೆ ಬಂದಿದ್ದೆ ಮಾರಾಯ್ತಿ! ಬೇರೆಯವರಿಗೆ ಹೇಳ್ತೆ, ತಡ್ಕಳಿ” ಅಂದರು. ತಡೆಯಲಿಕ್ಕೆ ಮಗಳ ಹತ್ತಿರ ಉಸಿರೆಲ್ಲಿತ್ತು?

“ಪೆಟ್ರೋಲ್ ಆದ್ರೂ ನೋಡಿ” ಅಂದೆ.

“ಬೆಳಿಗ್ಗೆ ನಾನೇ ತುಂಬ್ಸಿದ್ದೆ. ಮತ್ತೆಂತ ನೋಡೂದು?” ಎಂದು ಹಗ್ಗ ಎಳೆಯುತ್ತಲೇ ಇದ್ದರು. ಅಂಗೈ ಸುಲಿದು ರಕ್ತ ಬರುತ್ತಿತ್ತು.

ಮಗಳ ತುಟಿ ಕಪ್ಪಾಗತೊಡಗಿತು. ಅವಳು ನನ್ನ ಕುತ್ತಿಗೆ ಹಿಡಿದು ಒಂದೇ ಮಾತು ಹೇಳಿದಳು: “ಆಯಿ, ಆಗೂದಿಲ್ಲ.”

ಆಗ ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಅಮ್ಮನವರ ಮೇಲೆ ಬಂತು. ಕುರ್ವೆಯ ತುದಿಯಲ್ಲಿರುವ ಅವರ ಗುಡಿಯ ಕಡೆ ತಿರುಗಿ ಬಾಯಿಗೆ ಬಂದದ್ದು ಅಂದೆ. “ಎಂತಾ ಅಮ್ಮಾ ನೀನು? ವಾರ ತಪ್ಪದೆ ಹಚ್ಚಿದ್ದು ಸಾಲ್ಲಿಲ್ವಾ? ನಿಂಗೆ ಹಚ್ಚಿದ್ದು ಸಾಕು. ನನ್ನ ಕುಂಕುಮ ವಾಪಸ್ ಕೊಡು, ನನ್ನ ಮಗಳ ಹಣೆಗೆ ಬೇಕು!” ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಮುಚ್ಚಳದ ಮೇಲೆ ಹೆಪ್ಪುಗಟ್ಟಿದ್ದ ಕುಂಕುಮವನ್ನು ಕೆರೆದು ಚುಚ್ಚಿದೆ.

ಪಿನ್ನು ಸರಕ್ಕನೆ ಒಳಗೆ ಹೋಯಿತು. ‘ಸುಂಯ್’ ಎಂದಿತು. ಒಳಗೆ ಜಗ್ಗಿಹೋಗಿದ್ದ ಟ್ಯಾಂಕಿನ ಹೊಟ್ಟೆ ಟಪ್ಪೆಂದು ಹೊರಗೆ ಬಂತು.

ನಾನು ಹೆದರಿ ಕೈ ತೆಗೆದೆ. ಇವರು ಟ್ಯಾಂಕಿನಿಂದ ಮೋಟಾರಿಗೆ ಹೋಗುವ ಪೈಪಿನ ನಡುವಿನ, ಪೆಟ್ರೋಲ್ ಒತ್ತಿ ಕಳಿಸುವ ರಬ್ಬರ್ ಉಂಡೆ ನೋಡಿದರು. ಚಪ್ಪಟೆಯಾಗಿ ಅಂಟಿಕೊಂಡಿದ್ದ ಅದು ಉಬ್ಬುತ್ತಿತ್ತು. ಅದನ್ನು ಒತ್ತಿ ಹಗ್ಗ ಎಳೆದರು. ಮೋಟಾರು ಶುರುವಾಯಿತು. ಇವರು ಗೂಟದಿಂದ ದೋಣಿ ಬಿಚ್ಚಿದರು. ನಾನು ಪಿನ್ನಿಗಂಟಿದ ಕುಂಕುಮವನ್ನು ಮಗಳ ಹಣೆಗೆ ಹಚ್ಚಿದೆ. ದಡ ಮುಟ್ಟುವವರೆಗೆ ಮೋಟಾರು ಎಲ್ಲೂ ನಿಲ್ಲಲಿಲ್ಲ. ಅಲ್ಲಿಂದ ರಿಕ್ಷಾ.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕುತ್ತಾ ನರ್ಸಕ್ಕ, “ಇದೆಂತ ಕುಂಕುಮ ಮಾರಾಯ್ರೆ, ಪೆಟ್ರೋಲ್ ವಾಸನೆ!” ಅಂದರು. ಒರೆಸಲು ನಾನು ಬಿಡಲಿಲ್ಲ. ಸಂಜೆಯೊಳಗೆ ಮಗಳ ತುಟಿಗೆ ಬಣ್ಣ ಬಂತು, ಇಡ್ಲಿ ಬೇಕು ಅಂದಳು. ಆಗ ನಾನು ತಡೆಯಲಾರದೆ ಅತ್ತುಬಿಟ್ಟೆ.

ಫೋನಿನಲ್ಲಿ ಸಂಗತಿ ಕೇಳಿದ ಭಟ್ಕಳದ ಮೆಕ್ಯಾನಿಕ್ ಸಾಹೇಬರು ತಿಳಿಸಿ ಹೇಳಿದರು. ಮುಚ್ಚಳದ ನೆತ್ತಿಯಲ್ಲಿ ಒಂದು ಸಣ್ಣ ತೂತು ಇರುತ್ತದಂತೆ. ಅದರಿಂದ ಗಾಳಿ ಒಳಗೆ ಹೋದರೆ ಮಾತ್ರ ಪೆಟ್ರೋಲ್ ಹೊರಗೆ ಬರುವುದಂತೆ. ನಾನು ಭಕ್ತಿಯಿಂದ ಮುಚ್ಚಿದ್ದು ಅದೇ ತೂತನ್ನು! ಇವರು ಮುಚ್ಚಳ ತೆಗೆದು ನೋಡಿದಾಗಲೆಲ್ಲ ಗಾಳಿ ಹೊಕ್ಕು ಮೋಟಾರು ಶುರುವಾಗುತ್ತಿತ್ತು. ಅವತ್ತು ಟ್ಯಾಂಕು ತುಂಬಿದೆಯೆಂದು ತೆಗೆಯಲೇ ಇಲ್ಲ.

“ಹಾಗಾದ್ರೆ ಉಳಿಸಿದ್ದು ಅಮ್ಮ ಅಲ್ಲ, ಪಿನ್ನು” ಎಂದು ಪಾಂಡು ಬಾವ ಈಗಲೂ ಕೆಣಕುತ್ತಾರೆ. ಇರಬಹುದು. ಆದರೆ ಕೈಮುಗಿದು ಕೂತಿದ್ದರೆ ನಾನು ಆ ಕುಂಕುಮ ಮುಟ್ಟುತ್ತಿರಲಿಲ್ಲ. ಎಂದೂ ಬಾರದ ಸಿಟ್ಟು ನನಗೆ ಅದೇ ಗಳಿಗೆಯಲ್ಲಿ ಬರುವಂತೆ ಮಾಡಿದವರು ಯಾರು? ಬೈಸಿಕೊಂಡಾದರೂ ನನ್ನ ಮಗಳನ್ನು ಉಳಿಸಿಕೊಟ್ಟ ತಾಯಿ ಅವಳು. ಮಾರನೆಯ ವಾರವೇ ಗುಡಿಗೆ ಹೋಗಿ ಕಾಯಿ ಒಡೆಸಿ ಕಾಲಿಗೆ ಬಿದ್ದೆ.

ಈಗ ಶುಕ್ರವಾರ ಟ್ಯಾಂಕಿಗೆ ಕುಂಕುಮ ಹಚ್ಚುವ ಕೆಲಸ ಶ್ವೇತಾಳದು. ತೂತಿನ ಸುತ್ತ ಬಳೆಯ ಹಾಗೆ ಹಚ್ಚುತ್ತಾಳೆ, ನಡುವೆ ಮುಟ್ಟುವುದಿಲ್ಲ. ಮೊದಲ ಸಲ ಹಚ್ಚಿ ನನ್ನನ್ನು ಕರೆದು ತೋರಿಸಿದಳು.

“ನೋಡು ಆಯಿ, ಅಮ್ಮಂಗೆ ಉಸ್ರಾಡೂಕೆ ಜಾಗ ಬಿಟ್ಟಿದ್ದೆ.”