ಸೊನ್ನೆ ಕುಯ್ದ ಸ್ಕೇಲು

ನಮ್ಮ ಫಿಸಿಕ್ಸ್ ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಆಲೆಮನೆಯ ಗಾಣಕ್ಕೆ ಸಿಕ್ಕಿ ಹೋಗಿತ್ತಂತೆ. ಆ ಬೋಳು ಬೆರಳನ್ನು ನಮ್ಮ ರೆಕಾರ್ಡ್ ಪುಸ್ತಕದ ಹಾಳೆಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ರಬ್ಬರಿನಲ್ಲಿ ಉಜ್ಜಿ ಅಂಕಿ ತಿದ್ದಿದ್ದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಒಂದೇ ಮಾತು: "ಎದ್ದೋಗು."

ನರಸೀಪುರದ ಕಾಲೇಜಿನಲ್ಲಿ ಆ ಮಾತು ಕೇಳದವರಿರಲಿಲ್ಲ. ಹೆಡತಲೆಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದ ನಾನಂತೂ ವಾರಕ್ಕೊಮ್ಮೆ ಕೇಳುತ್ತಿದ್ದೆ. ಇಂಥ ಮೇಷ್ಟ್ರ ಬಗ್ಗೆ ಬರೆಯುವಾಗ ಹೊರಗೆ ಒರಟು, ಒಳಗೆ ಬೆಣ್ಣೆ ಎನ್ನುವುದು ರೂಢಿ. ಇವರು ಒಳಗೂ ಒರಟೇ.

ಎರಡನೇ ವರ್ಷ ಲೋಲಕದ ಪ್ರಯೋಗವಿತ್ತು. ದಾರಕ್ಕೆ ಗುಂಡು ಕಟ್ಟಿ ತೂಗಿಸಿ, ದಾರದ ಉದ್ದ ಅಳೆದು, ಭೂಮಿಯ ಸೆಳೆತ ಎಷ್ಟೆಂದು ಲೆಕ್ಕ ಹಾಕಬೇಕು. ಉತ್ತರ ಸೆಂಟಿಮೀಟರ್ ಲೆಕ್ಕದಲ್ಲಿ ಒಂಬೈನೂರ ಎಂಬತ್ತು ಎಂದು ಲ್ಯಾಬಿನ ಗೋಡೆಗೂ ಗೊತ್ತು. ನಾವು ಉತ್ತರ ಮೊದಲು ಬರೆದು, ಅದಕ್ಕೆ ತಕ್ಕ ಅಳತೆಗಳನ್ನು ಆಮೇಲೆ ತುಂಬಿದೆವು. ಆ ಬೆರಳಿಗೆ ಏನೂ ಸಿಗದಂತೆ, ರಬ್ಬರೇ ಮುಟ್ಟದೆ ಬರೆದೆವು. ಮಾರನೆಯ ದಿನ ಮೇಷ್ಟ್ರು ಲ್ಯಾಬಿನ ಮರದ ಸ್ಕೇಲನ್ನು ಎತ್ತಿ ಹಿಡಿದರು. ಅದರ ಸೊನ್ನೆಯ ತುದಿಯಿಂದ ಎರಡು ಸೆಂಟಿಮೀಟರನ್ನು ಅವರೇ ಗರಗಸದಲ್ಲಿ ಕುಯ್ದು ಹಾಕಿದ್ದರು. ತುದಿಯ ಅಂಕಿಗಳು ಮೊದಲೇ ಸವೆದಿದ್ದರಿಂದ ಯಾರೂ ಗಮನಿಸಿರಲಿಲ್ಲ. ಆ ಸ್ಕೇಲಿನಲ್ಲಿ ನಿಜವಾಗಿ ಅಳೆದವರಿಗೆ ದಾರ ಎರಡು ಸೆಂಟಿಮೀಟರ್ ಉದ್ದ ಕಂಡು, ಉತ್ತರ ಸಾವಿರದ ಹತ್ತಿರ ಬರಬೇಕಿತ್ತು.

"ಸರಿ ಉತ್ರ ಬಂದೋರೆಲ್ಲ ಎದ್ದೋಗಿ," ಎಂದರು.

ಇಡೀ ತರಗತಿ ಎದ್ದಿತು. ಎಲ್ಲರಿಗೂ ಇಂಟರ್ನಲ್ಸ್‌ನಲ್ಲಿ ಸೊನ್ನೆ. ನಾನು ಹೇಗೋ ಪಾಸಾದೆ. ನನ್ನ ಪಕ್ಕ ಕೂರುತ್ತಿದ್ದ ಮುಡುಕುತೊರೆಯ ಹುಡುಗಿ ಫೇಲಾದಳು. ಅವಳಪ್ಪ ಅದಕ್ಕೇ ಕಾದಿದ್ದವನ ಹಾಗೆ ಕಾಲೇಜು ಬಿಡಿಸಿ ಮದುವೆ ಮಾಡಿಬಿಟ್ಟ. ಎಷ್ಟೋ ವರ್ಷದ ಮೇಲೆ ಅದನ್ನು ಮೇಷ್ಟ್ರ ಮುಖಕ್ಕೇ ಅಂದೆ.

"ಸ್ಕೇಲ್ ಕುಯ್ದೋನು ನಾನು. ಸುಳ್ ಬರ್ದೋಳು ಅವ್ಳು," ಎಂದು ಕಾಫಿ ಕುಡಿದರು. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆದರೂ ನನಗೆ ಹುಚ್ಚು ಹಿಡಿಸಿದವರು ಅವರೇ. ಗೆಲಾಕ್ಸಿಗಳಲ್ಲಿ ಕಾಣುವ ನಕ್ಷತ್ರಕ್ಕಿಂತ ಕಾಣದ ದ್ರವ್ಯವೇ ಹೆಚ್ಚು, ಅದರ ಎರಡು ಕಣ ಎದುರಾಗಿ ಒಂದನ್ನೊಂದು ಇಲ್ಲವಾಗಿಸಿದರೆ ಗಾಮಾ ಕಿರಣ ಹೊರಡಬಹುದು ಎಂದು ಮೊದಲು ಕೇಳಿದ್ದು ಅವರಿಂದ. "ಕಾಣ್ದೇ ಇರೋದ್ನ ನಂಬಾಕೆ ನಂಜನಗೂಡಲ್ಲಿ ದೇವಸ್ಥಾನ ಅದೆ. ಇಲ್ಲಿ ಗುರುತು ತೋರುಸ್ಬೇಕು," ಎನ್ನುತ್ತಿದ್ದರು. ಆ ಗುರುತು ಹುಡುಕುವುದೇ ನನ್ನ ಉದ್ಯೋಗವಾಯಿತು. ನಕ್ಷತ್ರಗಳ ಗಲಾಟೆ ಕಡಿಮೆಯಿರುವ ಪುಟ್ಟ ಗೆಲಾಕ್ಸಿಗಳಿಂದ ಬಂದ ಗಾಮಾ ಕಿರಣಗಳನ್ನು ಉಪಗ್ರಹ ಹಿಡಿದು ಕಳಿಸುತ್ತದೆ, ನಾನು ಕಂಪ್ಯೂಟರಿನ ಮುಂದೆ ಎಣಿಸುತ್ತ ಕೂರುತ್ತೇನೆ. ನಿವೃತ್ತರಾಗಿ ನಂಜನಗೂಡು ಸೇರಿದ್ದ ಮೇಷ್ಟ್ರು ಪ್ರತಿ ಭಾನುವಾರ ಫೋನು ಮಾಡುತ್ತಿದ್ದರು. ಚೆನ್ನಾಗಿದ್ದೀಯಾ ಎಂದು ಒಮ್ಮೆಯೂ ಕೇಳಲಿಲ್ಲ. "ಬಂತಾ?" ಅಷ್ಟೇ.

ಹೋದ ವರ್ಷ ಬಂತು. ಗ್ರಾಫಿನಲ್ಲಿ ಒಂದು ಉಬ್ಬು, ಸಿದ್ಧಾಂತ ಹೇಳಿದ ಜಾಗದಲ್ಲೇ. ತಡೆಯಲಾರದೆ ಅವರಿಗೆ ಹೇಳಿಬಿಟ್ಟೆ. ಆಗಲೇ ಅವರು ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದರು. ಫೋನಿನಲ್ಲಿ ಅಳು ಕೇಳಿಸಿತು. ಅಂತೂ ಈ ಮನುಷ್ಯನನ್ನು ಅಳಿಸಿದೆ ಎಂದು ಹಿಗ್ಗಿದೆ.

ತಿಂಗಳ ಮೇಲೆ, ಗೆಲಾಕ್ಸಿಯೇ ಇಲ್ಲದ ಖಾಲಿ ಆಕಾಶದ ತುಣುಕುಗಳನ್ನೂ ಅದೇ ಲೆಕ್ಕಕ್ಕೆ ಹಾಕಿದೆ. ಅಲ್ಲೂ ಅದೇ ಉಬ್ಬು. ಅದು ಗೆಲಾಕ್ಸಿಯಿಂದ ಬಂದದ್ದಲ್ಲ, ಅಳೆಯುವ ಉಪಕರಣದ್ದೇ ಐಬು. ಮೊದಲೇ ನೋಡಬೇಕಿದ್ದದ್ದನ್ನು, ಬೇಕಾದ ಉತ್ತರ ಸಿಕ್ಕಿತೆಂದು ಮುಂದಕ್ಕೆ ಹಾಕಿದ್ದೆ. ಆ ಸ್ಕೇಲಿನಿಂದ ನಾನು ಏನೂ ಕಲಿತಿರಲಿಲ್ಲ.

ಎದುರಿಗೇ ಹೇಳೋಣವೆಂದು ನಂಜನಗೂಡಿಗೆ ಹೋದೆ. ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ಕೈ ಹಿಡಿದುಕೊಂಡರು. "ಬಂತು ಅಂತ್ಲೇ ಏಳವ್ವ. ಅದೊಂದ್ಕೇ ಉಸ್ರು ಇಟ್ಕೊಂಡವ್ರೆ." ನನಗೂ ಅದೇ ಬೇಕಿತ್ತು ಅನ್ನಿಸುತ್ತದೆ. ಹಳೆಯ ಗ್ರಾಫಿನ ಪ್ರಿಂಟನ್ನು ಮೇಷ್ಟ್ರ ಕೈಗೆ ಕೊಟ್ಟೆ. ಬೋಳು ಬೆರಳು ಅದರ ಮೇಲೆ ಹರಿದಾಡಿತು, ಎಲ್ಲೂ ನಿಲ್ಲಲಿಲ್ಲ.

"ಖಾಲಿ ಆಕಾಶ ನೋಡ್ದಾ?"

"ನೋಡ್ದೆ ಸಾ."

"ಏನಿತ್ತು?"

"ಏನೂ ಇಲ್ಲ ಸಾ. ಸೊನ್ನೆ."

"ಪೂರ್ತಾ ಸೊನ್ನೆನಾ?"

"ಊಂ ಸಾ."

ಖಾಲಿ ಆಕಾಶದಿಂದಲೂ ಒಂದಿಷ್ಟು ಗಾಮಾ ಕಿರಣ ಬಂದೇ ಬರುತ್ತದೆ. ಪೂರ್ತಾ ಸೊನ್ನೆ ಎನ್ನುವುದು ಆಕಾಶದಲ್ಲಿ ಎಲ್ಲೂ ಇಲ್ಲ. ಅದನ್ನೂ ಅವರೇ ಹೇಳಿಕೊಟ್ಟಿದ್ದರು. ಕಾಗದವನ್ನು ನೆಲಕ್ಕೆ ಬಿಟ್ಟರು.

"ಎದ್ದೋಗು."

"ಅಷ್ಟ್ ದೂರದಿಂದ ಬಂದದೆ ಆ ಮಗ," ಎಂದು ಹೆಂಡತಿ ಗದರಿದರು. ಮೇಷ್ಟ್ರು ಗೋಡೆಯ ಕಡೆ ಹೊರಳಿದರು. ನಾನು ಎದ್ದು ಹೋದೆ.

ಮಾರನೆಯ ದಿನ ನಿಜ ಹೇಳಲೇಬೇಕೆಂದು ಹೆಡತಲೆಯಿಂದ ಮೊದಲ ಬಸ್ಸಿಗೆ ಬಂದೆ. ಮೇಷ್ಟ್ರನ್ನು ಜಗಲಿಯ ಮೇಲೆ ಕೂರಿಸಿದ್ದರು. ಲಿಂಗಾಯತರಲ್ಲಿ ತೀರಿಕೊಂಡವರನ್ನು ಕೂರಿಸಿಯೇ ಪೂಜೆ ಮಾಡಿ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಹಣೆ ತುಂಬ ವಿಭೂತಿ, ಬೆನ್ನಿಗೆ ಹಲಗೆ, ತೊಡೆಯ ಮೇಲೆ ಆ ಹೆಬ್ಬೆರಳು. ಥೇಟ್ ರೆಕಾರ್ಡ್ ನೋಡಲು ಕೂತ ಹಾಗಿದ್ದರು. ಜನರನ್ನು ಸರಿಸಿ ಅವರೆದುರು ಹೋಗಿ ನಿಂತೆ.

"ಬರ್ಲಿಲ್ಲ ಸಾ," ಎಂದೆ, ಎಲ್ಲರಿಗೂ ಕೇಳುವಂತೆ. "ಖಾಲಿ ಆಕಾಶದಲ್ಲೂ ಅದೇ ಉಬ್ಬು."

ಅವರ ಹೆಂಡತಿ ತಲೆ ಎತ್ತಿ ನನ್ನನ್ನು ನೋಡಿದರು. "ಈಗ ಯಾರ್ಗವ್ವ ಏಳ್ತಿದ್ದೀಯೆ," ಎಂದರು.