ಬರೆಯದೆ ಬಿಟ್ಟ ಮಾತು

ನನ್ನ ಅಕ್ಕನಿಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಹೀಗಲ್ಲ. ಏಳನೇ ಇಯತ್ತೆ ಮುಗಿಸಿದ ವರ್ಷ ಜ್ವರ ಬಂದು, ಹೋಗುವಾಗ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಮಾತು ಉಳಿಯಿತು, ಓದು ಉಳಿಯಿತು. ನಿಪ್ಪಾಣಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಹೆಂಗಸರ ಜಂಪರ್ ಹೊಲಿಯುತ್ತಾಳೆ. ಗಿರಾಕಿಗಳು ಕನ್ನಡ ಮಾತಾಡಲಿ, ಮರಾಠಿ ಮಾತಾಡಲಿ, ತುಟಿ ನೋಡಿ ಅಳತೆ ಬರೆದುಕೊಳ್ಳುತ್ತಾಳೆ. ನನ್ನ ಗಂಡ ಒಮ್ಮೆ ದಪ್ಪ ಮೀಸೆ ಬಿಟ್ಟಾಗ, ತುಟಿ ಕಾಣುವುದಿಲ್ಲ ಎಂದು ಜಗಳ ತೆಗೆದಳು. ಅವರು ಮರುದಿನವೇ ಮೀಸೆ ಕತ್ತರಿಸಿಕೊಂಡರು.

ಟಿವಿಯವರಿಗೆ ಅಷ್ಟು ಮರ್ಯಾದೆ ಇಲ್ಲ. ಧಾರಾವಾಹಿಯಲ್ಲಿ ಮಾತಾಡುವವರು ಕಿಟಕಿಯ ಕಡೆ ತಿರುಗಿ, ನಮಗೆ ಬೆನ್ನು ತೋರಿಸಿ ಮಾತಾಡುತ್ತಾರೆ. ಅವರ ಮುಖ ಬಿಟ್ಟು, ಆ ಮಾತು ಕೇಳಿ ಬೆಚ್ಚಿಬಿದ್ದವರ ಮುಖವನ್ನು ಮೂರು ಮೂರು ಸಲ ತೋರಿಸುತ್ತಾರೆ. ಏನಂದರು ಎಂದು ಅಕ್ಕ ಕೇಳಿದರೆ ನಾವೆಲ್ಲ ಆಮೇಲೆ ಹೇಳುತ್ತೇವೆ ಅನ್ನುತ್ತಿದ್ದೆವು. ಹೇಳಿದರೂ ಐದು ನಿಮಿಷದ ಜಗಳವನ್ನು ಎರಡು ಮಾತಿನಲ್ಲಿ ಮುಗಿಸುತ್ತಿದ್ದೆವು. ಅವಳಿಗೆ ಬೇಕಾದದ್ದು ಬಹಳವೇನಲ್ಲ. ಮನೆಮಂದಿ ನಕ್ಕಾಗ ತಾನೂ ನಗಬೇಕು, ಅಷ್ಟೇ.

ಅದೇ ಧಾರಾವಾಹಿ ಮರುದಿನ ಮೊಬೈಲ್ ಆ್ಯಪಿನಲ್ಲಿ ಸಿಗುತ್ತದೆ, ಅಲ್ಲಿ ಸಬ್‌ಟೈಟಲ್ ಕೂಡ ಬರುತ್ತದೆ ಎಂದು ನನ್ನ ಮಗಳು ಹೇಳಿದಾಗ ಅಕ್ಕನಿಗಿಂತ ನಾನೇ ಹೆಚ್ಚು ಕುಣಿದೆ. ಅಕ್ಕನ ನಂಬರಿನ ಮೇಲೆಯೇ ಆ್ಯಪ್ ಹಾಕಿಸಿದೆವು. ಗುಂಡಿ ಒತ್ತಿದರೆ ಕನ್ನಡ ಅಕ್ಷರ ಬಂತು. ಬೆಂಗಳೂರಿನ ನಾಯಕ ಮಾತಾಡುವವರೆಗೆ ಎಲ್ಲ ಸರಿಯಿತ್ತು. ಆದರೆ ಆ ಕಥೆಯಲ್ಲಿ ನಾಯಕಿಯ ತವರು ನಮ್ಮ ಕಡೆಯದು. ಅವಳ ಅಪ್ಪ ಬಾಯಿ ತೆರೆದದ್ದೇ ತಡ, ಯಂತ್ರ ಬರೆದ ಆ ಅಕ್ಷರಗಳು ದಾರಿ ತಪ್ಪಿದವು. ಅವನು ‘ಮಗಳು ಬರಾಕತ್ತಾಳ’ ಅಂದರೆ ಕೆಳಗೆ ‘ಮಗಳು ಬರ ಕತ್ತಲೆ’ ಎಂದು ಬಂತು. ಊರಿಗೆ ಏನೋ ಬರ ಬೀಳುವುದಿದೆ ಎಂದುಕೊಂಡು ಅಕ್ಕ ಎರಡು ಕಂತು ಕಾದಳು. ಬರವೂ ಬರಲಿಲ್ಲ, ಕತ್ತಲೆಯೂ ಆಗಲಿಲ್ಲ. ಮಗಳು ಮಾತ್ರ ಬಂದು ಚಹಾ ಕುಡಿದು ಹೋಗಿದ್ದಳು.

ನನಗೆ ಪಿತ್ತ ನೆತ್ತಿಗೇರಿತು. ದೂರು ಕೊಡುವ ನಂಬರಿಗೆ ಫೋನ್ ಮಾಡಿದೆ. ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡಬೇಕು ಎಂದಳು ಆ ಹುಡುಗಿ. ಅವರಿಗೆ ಕಿವಿ ಕೇಳುವುದಿಲ್ಲ, ಅದರ ಸಲುವಾಗಿಯೇ ಈ ಫೋನ್ ಎಂದೆ. ತೊಂದರೆಗೆ ವಿಷಾದಿಸುತ್ತೇವೆ, ದಯವಿಟ್ಟು ಅವರಿಗೆ ಫೋನ್ ಕೊಡಿ ಎಂದಳು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಹಾಡು. ಕೊನೆಗೆ ಫೋನನ್ನು ಹೊಲಿಗೆ ಮಷೀನಿನ ಮೇಲೆ ಕುಕ್ಕಿದೆ. ಅಕ್ಕ ತಲೆಯೆತ್ತಿ ನೋಡಿ, ಅದನ್ನು ಆಚೆ ಸರಿಸಿ ಹೊಲಿಗೆ ಮುಂದುವರಿಸಿದಳು.

ಇವರನ್ನು ಕಾದರೆ ಆಗುವ ಕೆಲಸವಲ್ಲ ಎಂದು ನಾನೇ ಬರೆಯತೊಡಗಿದೆ. ನನ್ನ ನೌಕರಿ ಚಿಕ್ಕೋಡಿಯಲ್ಲಿ. ಹೋಗುವಾಗ ಬರುವಾಗ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಕಂತು ಹಚ್ಚಿ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರ ಮಾತನ್ನೂ ಬರೆದೆ. ಪಕ್ಕದ ಸೀಟಿನ ಹೆಂಗಸೊಬ್ಬರು ಇಣುಕಿ ನೋಡಿ, ಧಾರಾವಾಹಿಗೆ ಕಥೆ ಬರೆಯುವವಳು ನೀನೇ ಏನು ಎಂದು ಮರಾಠಿಯಲ್ಲಿ ಕೇಳಿ, ಆ ಸೊಸೆಯನ್ನು ಬೇಗ ಗಂಡನ ಮನೆಗೆ ಕಳಿಸು ಎಂದು ತಾಕೀತು ಮಾಡಿದರು. ಭಾನುವಾರ ಮಧ್ಯಾಹ್ನ ಅಕ್ಕ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ಸಾಲಿನ ಮೇಲೆ ಬೆರಳಿಟ್ಟು, ನಿಲ್ಲಿಸಿ ನಿಲ್ಲಿಸಿ ವಾರದ ಕಂತುಗಳನ್ನೆಲ್ಲ ನೋಡುತ್ತಿದ್ದಳು. ನಾನು ಹೆಮ್ಮೆಯಿಂದ ಬೀಗಿದೆ, ಸುಳ್ಳೇಕೆ ಹೇಳಲಿ.

ಒಂದು ಗುರುವಾರದ ಕಂತಿನಲ್ಲಿ ನಾಯಕಿಯ ಸೋದರತ್ತೆ ಬಂದಳು. ಅವಳಿಗೂ ಕಿವಿ ಕೇಳುವುದಿಲ್ಲ. ಮದುವೆ ಮಾತುಕತೆಯ ನಡುವೆ ಒಬ್ಬ ಹಿರಿಯ ಅವಳನ್ನು ‘ಈ ಕೆಪ್ಪಿಗೇನ್ ತಿಳೀತೈತಿ, ಮೂಲ್ಯಾಗ ಕುಂಡರಸ್ರಿ’ ಅಂದ. ನಮ್ಮ ಕಡೆ ಕಿವುಡಿಗೆ ಕೆಪ್ಪಿ ಅನ್ನುತ್ತಾರೆ. ಅತ್ತೆ ಅವನಿಗೆ ಏನೋ ತಿರುಗಿ ಅಂದಳು, ನಮ್ಮ ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ಏನದು ಎಂದು ಕೇಳಿದಾಗ, ಏನಿಲ್ಲ ಎಂದು ತಲೆ ಅಲ್ಲಾಡಿಸಿದೆ. ಶುಕ್ರವಾರ ಬಸ್ಸಿನಲ್ಲಿ ಆ ಜಾಗ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ. ‘ಎಲ್ಲರೂ ನಗುತ್ತಾರೆ’ ಎಂದು ಒಂದು ಸಾಲು ಬರೆದು ಮುಂದಿನ ದೃಶ್ಯಕ್ಕೆ ಹಾರಿದೆ.

ಭಾನುವಾರ ಅಕ್ಕ ಅಲ್ಲೇ ನಿಲ್ಲಿಸಿದಳು. ಹಿಂದೆ ಸರಿಸಿ ಮತ್ತೆ ನೋಡಿದಳು. ಕೆಪ್ಪಿ ಅನ್ನುವಾಗ ಎರಡೂ ತುಟಿ ಒತ್ತಿ ಮುಚ್ಚುತ್ತವೆ. ಆ ಮಾತನ್ನು ಅವಳು ಹದಿಮೂರನೇ ವಯಸ್ಸಿನಿಂದ ಓಣಿಯಲ್ಲಿ, ಸಂತೆಯಲ್ಲಿ, ಬೀಗರ ಮನೆಯಲ್ಲಿ ಜನರ ತುಟಿಯ ಮೇಲೆ ನೋಡಿದವಳು. ಅಂದವನು ಬೆನ್ನು ತಿರುಗಿಸಿದ್ದರೆ ನಾನು ಬಚಾವಾಗುತ್ತಿದ್ದೆ. ಆ ಹಿರಿಯ ನೆಟ್ಟಗೆ ಕ್ಯಾಮೆರಾ ನೋಡಿಯೇ ಅಂದಿದ್ದ. ಅತ್ತೆ ಉತ್ತರ ಕೊಡುವಾಗ ಮಾತ್ರ ಬೆಚ್ಚಿಬಿದ್ದ ಅವನ ಮುಖವನ್ನೇ ತೋರಿಸಿದ್ದರು.

“ಕೆಪ್ಪಿ ಅಂದ. ಇದರಾಗ ಎಲ್ಲೈತಿ?” ಎಂದು ನೋಟ್‌ಬುಕ್ಕಿನ ಮೇಲೆ ಬೆರಳು ಕುಟ್ಟಿದಳು.

ನಿನಗೆ ಬೇಸರವಾದೀತು ಎಂದು ಬಿಟ್ಟೆ ಎಂದೆ. ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಬೇಕಾಯಿತು. ನಾಚಿಕೆಯಾಯಿತು.

“ಬೈದದ್ದು ತಿಳಿಯಾಕ ನನಗ ನಿನ್ನ ಪುಸ್ತಕ ಬೇಕಾಗಿಲ್ಲ. ಆಕಿ ಏನಂದ್ಲು, ಅದನ್ನ ಬರಿ.”

ಬೈಗುಳ ನುಂಗುವ ಭರದಲ್ಲಿ ಅತ್ತೆಯ ಉತ್ತರವನ್ನೂ ನಾನೇ ನುಂಗಿದ್ದೆ. ಆ್ಯಪಿನವರನ್ನು ಬೈದು ಬಾಯಿ ನೋಯಿಸಿಕೊಂಡವಳು ನಾನು. ಅವರದು ಯಂತ್ರದ ತಪ್ಪು. ನಾನು ತಿಳಿದೂ ತಿಳಿದೂ ಮಾಡಿದ್ದೆ. ಮತ್ತೆ ಇಯರ್‌ಫೋನ್ ಹಾಕಿಕೊಂಡು ಕೇಳಿ, ಅವಳ ತೊಡೆಯ ಮೇಲಿನ ಪುಟದ ಅಂಚಿನಲ್ಲಿಯೇ ಬರೆದೆ: ‘ನನಗ ಕಿವಿ ಇಲ್ಲ, ನಿನಗ ನಾಚಿಕಿ ಇಲ್ಲ. ಬಾ, ಇಬ್ರೂ ಕೂಡೇ ಮೂಲ್ಯಾಗ ಕುಂಡ್ರೂಣು.’

ಅಕ್ಕ ಓದಿದಳು. ಆ ಜಾಗವನ್ನು ಮತ್ತೊಮ್ಮೆ ಹಚ್ಚಿ, ಅತ್ತೆಯ ಮುಖ ನೋಡಿ, ಮತ್ತೆ ಓದಿದಳು. ಆಮೇಲೆ ನಕ್ಕಳು, ತನ್ನ ನಗು ಎಷ್ಟು ದೊಡ್ಡದೆಂದು ತನಗೇ ಗೊತ್ತಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ಒಳಗಿನಿಂದ ನನ್ನ ಗಂಡ ಏನಾಯಿತು ಎಂದು ಓಡಿ ಬಂದರು. ಹೇಳಿದೆ. ಅದು ಗುರುವಾರದ ಮಾತಲ್ಲವೇ ಎಂದು ಅವರು ಒಳಗೆ ಹೋದರು. ಅಕ್ಕ ಒಬ್ಬಳೇ ನಗುತ್ತಿದ್ದಳು.